ಹೊದಿಕೆ ಕಪ್ಪೋ ನೀಲಿಯೋ

ಕಾಸಲ್‌ಪ್ರೂನೊ,
1968 ಮೇ 9, ಗುರುವಾರ

ಪ್ರೀತಿಯ ಅತ್ತೆ,

ನಿಮ್ಮ ಎರಡೂ ಕೈಗಳಿಗೆ ಮುತ್ತಿಟ್ಟು ಬರೆಯುತ್ತಿದ್ದೇನೆ. ಮೊಣಕಾಲು ಈಗ ಹೇಗಿದೆ? ಕರ್ಪೂರದ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲ ಇನ್ನೂ ಹೆಚ್ಚು ನೋಯುವ ದಿನಕ್ಕೆ ಇರಲಿ ಎಂದು ಅದನ್ನೂ ಎತ್ತಿಟ್ಟಿದ್ದೀರೋ? ಏಪ್ರಿಲ್ ಮುಗಿದರೂ ಬೆಲ್ಜಿಯಂನಲ್ಲಿ ಒಲೆ ಆರಿಸುವಂತಿಲ್ಲ ಎಂದು ಮೈದುನ ಒರೆಸ್ತೆ ಬರೆದಿದ್ದ. ಗಣಿಯ ಮಸಿ ಮುಚ್ಚಿದ ಕಿಟಕಿಯಿಂದಲೂ ಒಳಗೆ ಬರುತ್ತದೆ, ಹೊರಗೆ ಹರವಿದ ಬಟ್ಟೆ ಒಗೆಯುವ ಮೊದಲಿಗಿಂತ ಕೊಳೆಯಾಗಿ ಮನೆಗೆ ಬರುತ್ತದೆ ಎಂದು ನೀವು ಬರೆಸಿದ್ದನ್ನು ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒರೆಸ್ತೆಯ ಹೆಂಡತಿ ಎಲ್ಲಕ್ಕೂ ಬೆಣ್ಣೆ ಸುರಿಯುತ್ತಾಳೆಂದು ಬೇಸರಪಡಬೇಡಿ. ಅವಳ ತಾಯಿ ಅವಳಿಗೆ ಕಲಿಸಿದ್ದು ಅದು. ನಮ್ಮ ಆಲಿವ್ ಎಣ್ಣೆಯ ಒಂದು ಡಬ್ಬ, ಚೆಸ್ಟ್‌ನಟ್ ಹಿಟ್ಟಿನ ಒಂದು ಚೀಲ ಕಳಿಸಿದ್ದೇನೆ. ಇಲ್ಲಿ ನಾನು ಆರೋಗ್ಯವಾಗಿದ್ದೇನೆ. ಕೋಳಿಗಳೂ ಹಾಗೇ ಇವೆ, ಕುಂಟ ಕೋಳಿಯೊಂದನ್ನು ಬಿಟ್ಟು. ಅದನ್ನು ನರಿ ಒಯ್ದಿತು. ನೀವು ನೆಟ್ಟ ಅಂಜೂರದ ಗಿಡ ಚಳಿಗೆ ಸತ್ತಿತೆಂದುಕೊಂಡಿದ್ದೆ, ಬುಡದಿಂದ ಮತ್ತೆ ಚಿಗುರಿದೆ.

ಈ ಕಾಗದವನ್ನು ನಿಮಗೆ ಓದಿ ಹೇಳುವವಳು ಮೊಮ್ಮಗಳು ನೋರ್ಮಾ ಎಂದು ಗೊತ್ತು. ನೋರ್ಮಾ, ಮಗಳೇ, ಅಜ್ಜಿಗೆ ನಿಧಾನವಾಗಿ ಓದು. ಸಹಿಯ ಕೆಳಗೆ ಬರೆದಿರುವುದನ್ನು ಅಪ್ಪ ಅಮ್ಮ ಇಲ್ಲದಾಗ ಓದು.

ಅತ್ತೆ, ನನಗೆ ಏನೂ ತೋಚುತ್ತಿಲ್ಲ. ನಮ್ಮ ಊರಿನ ಎಲ್ಲ ವಿಧವೆಯರಿಗೂ ಹಾಗೇ ಆಗಿದೆ, ಆದರೆ ಅವರು ಬೈದಾಡಿ ಹಗುರಾಗುತ್ತಾರೆ, ನನಗೆ ಬೈದಾಡುವುದು ಬರುವುದಿಲ್ಲ. ನಮ್ಮ ಗುಡಿಯ ಮಾತೆಯ ಕಪ್ಪು ಹೊದಿಕೆಯ ಕಥೆಯನ್ನು ನನಗೆ ಮೊದಲು ಹೇಳಿದವರು ನೀವೇ. ನಾನು ಮದುವೆಯಾಗಿ ಬಂದ ವರ್ಷ, ಚೆಸ್ಟ್‌ನಟ್ ಒಣಗಿಸುವ ಕಾಲದಲ್ಲಿ, ಹೊಗೆಯ ಮುಂದೆ ಕೂತು ಸಿಪ್ಪೆ ಬಿಡಿಸುತ್ತಾ ಹೇಳಿದಿರಿ. ನಿಮಗೆ ಅದನ್ನು ನಿಮ್ಮ ಅತ್ತೆ ಹೇಳಿದ್ದರಂತೆ. ಹಿಂದೆ ಎಂದೋ ಊರಿಗೆ ಪ್ಲೇಗು ಬಂತು, ಒಂದೇ ಬೇಸಿಗೆಯಲ್ಲಿ ಅಷ್ಟೂ ಮನೆಯ ಗಂಡಸರು ಸತ್ತರು, ಹೆಂಗಸರು ಗುಡಿಗೆ ಹೋಗಿ ಗೋಡೆಯ ಮೇಲೆ ಬರೆದ, ಮಡಿಲಲ್ಲಿ ಮಗುವಿರುವ ದೇವಮಾತೆಯ ಮುಂದೆ ಬಿದ್ದು ಅತ್ತರು. ಬೆಳಿಗ್ಗೆ ಎದ್ದು ನೋಡಿದರೆ ಮಾತೆಯ ಹೊದಿಕೆ ಕಪ್ಪಾಗಿತ್ತು. ಅವರಿಗಾಗಿ ಅವಳೂ ಸೂತಕ ಹಿಡಿದಿದ್ದಳು. ಅಂದಿನಿಂದ ನಮ್ಮೂರಿನಲ್ಲಿ ಗಂಡ ಸತ್ತವಳ ಕಪ್ಪು ಶಾಲನ್ನು ಮೊದಲು ಗೋಡೆಯ ಆ ಕಪ್ಪಿಗೆ ಮುಟ್ಟಿಸಿ ಆಮೇಲೆ ತಲೆಗೆ ಕಟ್ಟುತ್ತಾರೆ, ಕಟ್ಟುವಾಗ ಆ ಒಂದು ಮಾತು ಹೇಳುತ್ತಾರೆ. ಬೇರೆ ಊರಿನಲ್ಲಿ ವರ್ಷಕ್ಕೋ ಎರಡು ವರ್ಷಕ್ಕೋ ಶಾಲು ಇಳಿಯುತ್ತದೆ. ನಮ್ಮಲ್ಲಿ ಇಳಿಯುವುದಿಲ್ಲ, ಆ ಮಾತಿನಿಂದಾಗಿ.

ಯುದ್ಧ ಮುಗಿದ ಮೇಲೆ, ಯಾರೋ ಹೂತು ಮರೆತ ಸಿಡಿಗುಂಡಿಗೆ ನಮ್ಮ ನೆಲ್ಲೊನ ನೇಗಿಲು ತಗಲಿ ಅವನು ಹೋದ ಆ ವಸಂತದಲ್ಲಿ ನನಗೂ ನೀವೇ ಕಟ್ಟಿದಿರಿ. ಮಗನನ್ನು ಕಳೆದುಕೊಂಡವರು ನೀವು, ಆದರೂ ಮೊದಲು ನನ್ನ ತಲೆ ನೋಡಿದಿರಿ. ನಿಮ್ಮ ಗಂಟು ಬಿಗಿಯಾಗಿ ಬಿತ್ತು. "ಅವಳು ತೆಗೆದ ದಿನ ನೀನೂ ತೆಗಿ" ಎಂದಿರಿ. ಗೋಡೆಯ ಮೇಲಿನ ಚಿತ್ರ ಎಂದಾದರೂ ಹೊದಿಕೆ ತೆಗೆಯುತ್ತದೆಯೇ? ಸಾಯುವವರೆಗೂ ಎಂದು ಅದರ ಅರ್ಥ. ನನಗೂ ಅದೇ ಅರ್ಥವಾಗಿತ್ತು, ನಿಮಗೂ ಅದೇ ಇದ್ದಿರಬೇಕು.

ಹೋದ ಶರತ್ಕಾಲದಲ್ಲಿ ಫ್ಲಾರೆನ್ಸಿನಿಂದ ಲವೀನಿಯಾ ಎಂಬ ಹುಡುಗಿ ಬಂದಳು. ಹಳೆಯ ಚಿತ್ರಗಳನ್ನು ಉಳಿಸುವ ಕೆಲಸ ಅವಳದು. ಅದರ ಹಿಂದಿನ ವರ್ಷದ ದೊಡ್ಡ ಪ್ರವಾಹದಲ್ಲಿ ಮುಳುಗಿದ ಅಲ್ಲಿಯ ಚಿತ್ರಗಳ ಕೆಸರು ತೊಳೆದು ತೊಳೆದು ಅವಳ ಕೈ ಒಗೆಯುವವಳ ಕೈಯಂತಾಗಿತ್ತು, ಅದರಿಂದಲೇ ನನಗೆ ಅವಳ ಮೇಲೆ ನಂಬಿಕೆ ಬಂತು, ಗಂಡಸರ ಷರಾಯಿ ತೊಟ್ಟಿದ್ದರೂ. ನಮ್ಮ ಗುಡಿಯ ಗೋಡೆಗೆ ಬುಡದಿಂದ ತೇವ ಹತ್ತಿದೆ, ಹೀಗೇ ಬಿಟ್ಟರೆ ಮಾತೆ ಉಪ್ಪಾಗಿ ಉದುರಿಹೋಗುತ್ತಾಳೆ, ಚಿತ್ರವನ್ನು ಗೋಡೆಯಿಂದ ಬಿಡಿಸಿ ಒಯ್ದು, ಗಟ್ಟಿಯಾದ ಹಲಗೆಗೆ ಕೂರಿಸಿ ಮರಳಿ ತರಬೇಕು ಎಂದಳು. ಅಟ್ಟಣೆ ಕಟ್ಟಲು ಸೆತ್ತೀಮಿಯೊನನ್ನು ಕರೆಸಿದರು. ಗಾರೆ ಕೆಲಸದ ಸೆತ್ತೀಮಿಯೊ, ಅತ್ತೆ, ಹುಡುಗನಾಗಿದ್ದಾಗ ನಿಮ್ಮ ಅಂಜೂರ ಕದ್ದು ನಿಮ್ಮಿಂದಲೇ ಕಿವಿ ಹಿಂಡಿಸಿಕೊಂಡವನು. ಈಗ ಕೂದಲು ನರೆತಿದೆ, ಕಿವಿ ಮಾತ್ರ ಹಾಗೇ ಇದೆ.

ಮಾತೆಯ ಭುಜದ ಮೇಲೆ ಹರಕೆಗೆ ಒಪ್ಪಿಸಿದ ಬೆಳ್ಳಿ ಹೃದಯಗಳನ್ನು ಮೊಳೆ ಹೊಡೆದು ಕೂರಿಸಿದ ಹಲಗೆಯಿತ್ತಲ್ಲ, ಯಾರ ಅಜ್ಜನ ಕಾಲದಲ್ಲಿ ಹಾಕಿದ್ದೋ ಯಾರಿಗೂ ಗೊತ್ತಿಲ್ಲದ್ದು, ಮೊದಲು ಅದನ್ನು ಇಳಿಸಬೇಕಾಯಿತು. ಊರಿನ ಹೆಂಗಸರೆಲ್ಲ ಕೆಳಗೆ ಕಾವಲು ನಿಂತಿದ್ದೆವು, ಹೃದಯಗಳು ಎಣಿಕೆಗೆ ತಪ್ಪಬಾರದಲ್ಲ. ಸೆತ್ತೀಮಿಯೊ ಮೊಳೆ ಕಿತ್ತು ಹಲಗೆ ಎತ್ತಿದ. ಎತ್ತಿದವನು ಹಾಗೇ ನಿಂತ. ಹಲಗೆಯ ಹಿಂದೆ, ಕಪ್ಪು ಹೊದಿಕೆಯ ನಡುವೆ, ಅಂಗೈಯಷ್ಟು ಅಗಲದ ನೀಲಿ. ಎಂಥ ನೀಲಿ ಎಂದು ಹೇಗೆ ಬರೆಯಲಿ? ಬೆಟ್ಟದ ಮೇಲೆ ಹಿಮ ಬಿದ್ದ ಮಾರನೆಯ ದಿನ ಆಕಾಶ ಇರುತ್ತದಲ್ಲ, ಹಾಗೆ. ಎಲ್ಲರಿಗಿಂತ ಹಿರಿಯಳಾದ ತೆರ್ಸೀಲಿಯಾ, "ಸೆತ್ತೀಮಿಯೊ, ಮುಚ್ಚೋ ಅದನ್ನ, ಹೆಂಗಸಿನ ಭುಜ ನೋಡ್ತಾ ನಿಂತಿದ್ದೀಯಲ್ಲ" ಎಂದು ಬೈದಳು. ಬಾಯಿಗೆ ಬೀಗವಿಲ್ಲದ ಪಾಲ್ಮೀರಾ, "ಅಯ್ಯೋ ಅಜ್ಜಿ, ಅವಳು ಒಳಗೆ ನೀಲಿ ಉಟ್ಕೊಂಡಿದ್ದಾಳೆ ಕಣೇ, ನಮ್ಮನ್ನ ಮಾತ್ರ ಕಾಗೆ ಮಾಡಿದ್ದಾಳೆ" ಎಂದಳು. ಪಾಲ್ಮೀರಾಳ ಗಂಡ ಕುಡಿದು ಹಳ್ಳಕ್ಕೆ ಬಿದ್ದು ಸತ್ತವನು, ಅವಳ ಶಾಲಿನ ಸಿಟ್ಟು ನಿಮಗೆ ಗೊತ್ತೇ ಇದೆ.

ಲವೀನಿಯಾ ಹೇಳಿದಳು: ನೀಲಿ ಒಳಗಿನದಲ್ಲ, ಹೊರಗಿನದು. ಮಾತೆಯ ಹೊದಿಕೆ ಪೂರ್ತಿ ನೀಲಿಯೇ ಇತ್ತು, ಕಾಲಕಾಲಕ್ಕೆ ಉದುರಿಹೋಗಿದೆ, ಹಲಗೆ ಮುಚ್ಚಿದ್ದ ಕಡೆ ಮಾತ್ರ ಉಳಿದಿದೆ. ತೆರ್ಸೀಲಿಯಾ, "ಉದುರಿತು ಅಂತೀಯೋ, ತೆಗೆದಳು ಅಂತೀಯೋ?" ಎಂದು ಕೇಳಿದಳು. ಲವೀನಿಯಾಗೆ ಆ ಪ್ರಶ್ನೆ ಏನೆಂದೇ ಅರ್ಥವಾಗಲಿಲ್ಲ, ಅವಳು ಫ್ಲಾರೆನ್ಸಿನವಳು. ಪಾದ್ರಿ ದೊನ್ ಬರ್ನಾಬಾರ ಕಡೆ ನೋಡಿದೆವು. ಅವರಿಗೆ ಮೊದಲಿನಿಂದಲೂ ನಮ್ಮ ಈ ಪದ್ಧತಿ ಹಿಡಿಸದು. "ಮಡಿಲಲ್ಲಿ ಮಗು ಇನ್ನೂ ಹಾಲು ಕುಡೀತಾ ಇದೆ, ಅಷ್ಟರಲ್ಲೇ ಅವಳು ವಿಧವೆ ಹೇಗಾಗ್ತಾಳೆ ಅಂತ ನಾನು ಕೇಳಿದ್ದಕ್ಕೆ ನೀವು ಆ ವರ್ಷ ನನಗೆ ಹಬ್ಬದ ಮೊಟ್ಟೆ ಕೊಡಲಿಲ್ಲ, ಈಗ ನಾನು ಯಾಕೆ ಬಾಯಿ ಬಿಡಲಿ" ಎಂದು ಒಳಗೆ ಹೋದರು.

ಆಮೇಲೆ ಲವೀನಿಯಾ ಮಾತೆಯ ಮುಖಕ್ಕೂ ಮೈಗೂ ಬಿಸಿ ಗೋಂದು ಬಳಿದು ತೆಳ್ಳನೆಯ ಬಟ್ಟೆ ಅಂಟಿಸಿದಳು. ಬಟ್ಟೆ ಒಣಗಿದ ಮೇಲೆ ಮೊಲದ ಚರ್ಮ ಸುಲಿದ ಹಾಗೆ ಗೋಡೆಯ ಬಣ್ಣದ ಸಮೇತ ಅಂಚಿನಿಂದ ಸುಲಿದು, ಚಾಪೆಯಂತೆ ಸುತ್ತಿ ಲಾರಿಗೆ ಹಾಕಿಕೊಂಡು ಹೋದಳು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಚಳಿಗಾಲವೆಲ್ಲ ಬೋಳು ಗೋಡೆಗೆ ಮೇಣದಬತ್ತಿ ಹಚ್ಚಿದೆವು. ಆ ತಿಂಗಳುಗಳಲ್ಲಿ ನಡೆದ ಮಾತು ಒಂದೇ. ಅವಳು ಕಪ್ಪು ತೆಗೆದ ಹಾಗಾಯಿತೋ? ಎಂದೂ ಉಡಲೇ ಇಲ್ಲವೋ? ಉಡದೇ ಇದ್ದರೆ ನಮ್ಮ ಅಜ್ಜಿಯರು ಏನು ನೋಡಿದರು? ಗೋಡೆಯ ಆ ಕಪ್ಪಿಗೆ ಮುಟ್ಟಿಸಿದ ನಮ್ಮ ಶಾಲುಗಳು ಏನನ್ನು ಮುಟ್ಟಿದವು? ಪಾಲ್ಮೀರಾ ಅಂದೇ ಶಾಲು ಬಿಚ್ಚಿ ಒಲೆಗೆ ಹಾಕುತ್ತೇನೆಂದಳು, ಹಾಕಲಿಲ್ಲ. "ನೀನು ಮೊದಲು ತೆಗಿ, ನೀನೇ ಚಿಕ್ಕವಳು" ಎಂದು ನನಗೆ ಹೇಳಿದಳು. ನಾನು ಚಿಕ್ಕವಳೇ, ಅತ್ತೆ? ಕನ್ನಡಿ ನೋಡಿದರೆ ಹಾಗನ್ನಿಸುವುದಿಲ್ಲ.

ಫೆಬ್ರವರಿಯಲ್ಲಿ ಲವೀನಿಯಾ, ನೀವೇ ಬಂದು ಅವಳನ್ನು ನೋಡಿಕೊಂಡು ಹೋಗಿ ಎಂದು ಹೇಳಿಕಳಿಸಿದಳು. ಊರಿನ ಹಣದಲ್ಲಿ ಬಸ್ಸು ಮಾಡಿದರು. ಹನ್ನೊಂದು ಗಂಟೆಗೇ ಹಸಿವಾಗುತ್ತದೆ ಎಂದು ಎಲ್ಲರೂ ಬ್ರೆಡ್ಡು ಸಾಸೇಜು ಕಟ್ಟಿಕೊಂಡು ಹೊರಟೆವು. ಸೆತ್ತೀಮಿಯೊ ಕೂಡ ಬಂದ, ಭಾರ ಎತ್ತಲು ಬೇಕಾಗಬಹುದು ಎಂದು. ಏನು ಭಾರವಿತ್ತೋ ಕಾಣೆ. ಲವೀನಿಯಾ ನಮ್ಮನ್ನು ನೇರ ಚಿತ್ರ ಸರಿಪಡಿಸುವ ತನ್ನ ಕಾರ್ಯಾಗಾರಕ್ಕೆ ಕರೆದೊಯ್ಯಲಿಲ್ಲ. "ಮೊದಲು ಅವಳ ಅಕ್ಕತಂಗಿಯರನ್ನ ನೋಡಿ, ಆಮೇಲೆ ಅವಳನ್ನ" ಎಂದು ಊಫೀತ್ಸಿ ಎಂಬ ದೊಡ್ಡ ಚಿತ್ರಶಾಲೆಯ ಮೆಟ್ಟಿಲು ಹತ್ತಿಸಿದಳು. ಕಪ್ಪು ಶಾಲಿನ ನಾವೆಲ್ಲ ಸಾಲಾಗಿ ಹೋಗುವುದನ್ನು ನೋಡಿ ವಿದೇಶದವರು ನಮ್ಮ ಫೋಟೋ ತೆಗೆದರು, ನಮ್ಮನ್ನೂ ಅಲ್ಲಿ ತೂಗುಹಾಕಿದ್ದಾರೆಂಬಂತೆ.

ಮೊದಲ ಕೋಣೆಯಲ್ಲೇ ಮೂವರು ಮಾತೆಯರು ಕೂತಿದ್ದಾರೆ, ಒಬ್ಬೊಬ್ಬಳೂ ಹುಲ್ಲಿನ ಬಣವೆಯಷ್ಟು ಎತ್ತರ, ಸುತ್ತ ಚಿನ್ನ. ತೆರ್ಸೀಲಿಯಾ ಅಲ್ಲೇ ಮಂಡಿಯೂರಿದಳು. ಕಾವಲಿನವನು ಓಡಿ ಬಂದು, "ಅಜ್ಜಿ, ಏಳಿ, ಇದು ಮ್ಯೂಸಿಯಂ" ಎಂದ. "ಹಾಗಾದ್ರೆ ಅವಳನ್ನ ಇಲ್ಲಿ ಯಾಕೆ ಕೂರಿಸಿದ್ದೀಯಪ್ಪ?" ಎಂದು ಅವಳು ಪ್ರಾರ್ಥನೆ ಮುಗಿಸಿಯೇ ಎದ್ದಳು. ಇಬ್ಬರು ಮಾತೆಯರು ಮೊಳೆಗೆ ತೂಗುಹಾಕಿದ ಬಟ್ಟೆಯಂತಿದ್ದಾರೆ, ಮೂರನೆಯವಳು ಕುರ್ಚಿಯ ಮೇಲೆ ನಿಜವಾಗಿ ಭಾರ ಬಿಟ್ಟು ಕೂತಿದ್ದಾಳೆ, ಅವಳನ್ನು ಬರೆದವನು ಜೊತ್ತೊ, ಅವನಿಂದಾಚೆಗೆ ಚಿತ್ರ ಬರೆಯುವುದೇ ಬೇರೆಯಾಯಿತು ಎಂದು ಲವೀನಿಯಾ ತೋರಿಸಿದಳು. ಪಾಲ್ಮೀರಾ ಬಗ್ಗಿ ನೋಡಿ, "ಹೌದು ಕಣೇ, ಇವಳಿಗೆ ಮೊಣಕಾಲಿದೆ" ಎಂದಳು. ನಮ್ಮೂರಿನವಳನ್ನು ಬರೆದವನು ಜೊತ್ತೊನ ಶಿಷ್ಯನ ಶಿಷ್ಯನಿರಬಹುದಂತೆ. ಆದರೆ ಅಲ್ಲಿಯೂ ಗೊಂದಲವೇ. ಆ ಮೂವರ ಹೊದಿಕೆಯೂ ಒಂದು ಕಡೆಯಿಂದ ನೋಡಿದರೆ ಕಪ್ಪು, ಇನ್ನೊಂದು ಕಡೆಯಿಂದ ನೋಡಿದರೆ ನೀಲಿ. ನಾನು ಎರಡು ಸಲ ಹಿಂದೆ ಮುಂದೆ ನಡೆದು ನೋಡಿದೆ.

ಅಲ್ಲಿಂದ ಮುಂದೆ ಕೋಣೆಯಿಂದ ಕೋಣೆಗೆ ನೂರು ವರ್ಷ ನೂರು ವರ್ಷ ದಾಟುತ್ತಾ ಹೋದೆವು. ಒಂದರಲ್ಲಿ ದೇವದೂತ ಬಂದು ಮಾತೆಗೆ ಮಗು ಹುಟ್ಟುವ ಸುದ್ದಿ ಹೇಳುತ್ತಿದ್ದಾನೆ. ಹಿಟ್ಟು ನಾದುತ್ತಿದ್ದವಳ ಮನೆಗೆ ಸಾಲ ಕೊಟ್ಟವನು ಬಂದಂತೆ ಅವಳು ಮೈ ಮುದುಡಿಕೊಂಡು ಹೊದಿಕೆಯನ್ನು ಕುತ್ತಿಗೆಯವರೆಗೆ ಎಳೆದುಕೊಂಡಿದ್ದಾಳೆ. ಹೊದಿಕೆ ನೀಲಿ. ಆಮೇಲೆ ಚಿನ್ನ ಹೋಯಿತು, ಹಿಂದೆ ಬೆಟ್ಟ, ಮರ, ದಾರಿ ಬಂದವು. ನೆಲದ ಹಾಸುಗಲ್ಲು ದೂರ ಹೋದಂತೆ ಚಿಕ್ಕದಾಗುವುದನ್ನು ಆಗ ಕಂಡುಹಿಡಿದರಂತೆ. ಸೆತ್ತೀಮಿಯೊ, "ಕಲ್ಲು ಹಾಸೋನಿಗೆ ಕೇಳಿದ್ರೆ ಮೊದಲೇ ಹೇಳ್ತಿದ್ದ" ಎಂದ. "ನೀನು ಹಾಸಿದ ಕಲ್ಲು ಹತ್ತಿರದಲ್ಲೂ ಒಂದು ದೊಡ್ಡದು ಒಂದು ಚಿಕ್ಕದು" ಎಂದು ಪಾಲ್ಮೀರಾ ಅವನ ಬಾಯಿ ಮುಚ್ಚಿಸಿದಳು. ಬೊತ್ತಿಚೆಲ್ಲಿ ಎಂಬವನ ಕೋಣೆಯಲ್ಲಿ ಚಿಪ್ಪಿನ ಮೇಲೆ ಬಟ್ಟೆಯಿಲ್ಲದ ಹುಡುಗಿ ನಿಂತಿದ್ದಾಳೆ. ಎಲ್ಲರೂ ಮುಖಕ್ಕೆ ಕೈ ಅಡ್ಡ ಹಿಡಿದರು, ಬೆರಳುಗಳನ್ನು ಮಾತ್ರ ಸೇರಿಸಲಿಲ್ಲ. ತೆರ್ಸೀಲಿಯಾಗೆ ಸಿಟ್ಟು ಬಂದದ್ದು ಪಕ್ಕದವಳ ಮೇಲೆ. "ಹುಡುಗಿ ಚಳೀಲಿ ನಿಂತಿದ್ದಾಳೆ, ಇವಳು ಹೊದಿಕೆ ಕೈಲಿ ಹಿಡ್ಕೊಂಡು ಇನ್ನೂ ಬರ್ತಾನೇ ಇದ್ದಾಳೆ, ಹೊದಿಸೋಕೆ ಏನು ರೋಗ?" ಎಂದಳು. ಮೈಕೆಲಾಂಜೆಲೊ ಬರೆದ ಮಾತೆಗೆ ನಮ್ಮ ರೊಟ್ಟಿ ಅಂಗಡಿಯವಳ ತೋಳು, ಬರಿಯ ತೋಳು, ಮಗುವನ್ನು ಭುಜದ ಮೇಲಿಂದ ಹಿಟ್ಟಿನ ಚೀಲದಂತೆ ಎತ್ತಿ ತೆಗೆದುಕೊಳ್ಳುತ್ತಿದ್ದಾಳೆ. ಅವಳ ಹೊದಿಕೆ ಜಾರಿ ತೊಡೆಯ ಮೇಲೆ ಬಿದ್ದಿದೆ, ಅದೂ ನೀಲಿ. ಮುಂದಿನ ಕಾಲದವನು ಮಾತೆಯ ಕತ್ತನ್ನು ಬಾತುಕೋಳಿಯ ಕತ್ತಿನಂತೆ ಉದ್ದ ಮಾಡಿಬಿಟ್ಟಿದ್ದಾನೆ, ಯಾಕೆಂದರೆ ಎಲ್ಲವನ್ನೂ ಸರಿಯಾಗಿ ಬರೆಯುವುದನ್ನು ಹಿಂದಿನವರು ಆಗಲೇ ಮುಗಿಸಿಬಿಟ್ಟಿದ್ದರು, ಪಾಪ, ಅವನಿಗೆ ಉಳಿದದ್ದು ಅದೇ ಎಂದು ಲವೀನಿಯಾ ನಗಾಡಿದಳು.

ಕೊನೆಯ ಕೋಣೆಗಳಲ್ಲಿ ಕತ್ತಲು. ಮುಖ ಒಂದು ಕಡೆ, ಕೈ ಒಂದು ಕಡೆ ಬೆಳಕಿಗೆ ಬರುತ್ತವೆ, ಉಳಿದದ್ದೆಲ್ಲ ನಮ್ಮ ನೆಲಮಾಳಿಗೆಯಂತಿದೆ. ಆ ಕಾಲದವರು ಚಿತ್ರದ ಬಟ್ಟೆಗೆ ಮೊದಲು ಕತ್ತಲೆಯ ಬಣ್ಣ ಬಳಿದು, ಅದರ ಮೇಲೆ ಬೆಳಕು ಬರೆಯುತ್ತಿದ್ದರಂತೆ. ಅಲ್ಲಿಗೆ ನಮ್ಮ ಕಾಲು ಸೋತಿದ್ದವು. ಬೆಂಚಿನ ಮೇಲೆ ಕೂತು ತೆರ್ಸೀಲಿಯಾ, "ಇವರು ಯಾಕೆ ಒಬ್ಬರು ಮಾಡಿದ್ದನ್ನ ಇನ್ನೊಬ್ಬರು ಸುಮ್ಮನೆ ಮಾಡೋದಿಲ್ಲ?" ಎಂದು ಕೇಳಿದಳು. ಲವೀನಿಯಾ, "ನೀವು ನಿಮ್ಮ ಅತ್ತೆ ಮಾಡಿದ ಹಾಗೇ ಸೂಪು ಮಾಡ್ತೀರಾ?" ಎಂದಳು. "ಅವಳು ಉಪ್ಪೇ ಹಾಕ್ತಿರಲಿಲ್ಲ" ಎಂದಳು ತೆರ್ಸೀಲಿಯಾ. ನನಗೆ ಮಾತ್ರ ನೋಡಿದ್ದೆಲ್ಲ ತಲೆಯಲ್ಲಿ ಕಲಸಿಹೋಯಿತು. ಅಷ್ಟು ಜನ ಮಾತೆಯರಲ್ಲಿ ಒಬ್ಬಳೂ ನಮ್ಮ ಹಾಗೆ ಕಪ್ಪು ಉಟ್ಟು ಸುಮ್ಮನೆ ಕೂತಿರಲಿಲ್ಲ. ಎಲ್ಲರಿಗೂ ಏನಾದರೊಂದು ಕೆಲಸವಿತ್ತು.

ಕಾರ್ಯಾಗಾರದಲ್ಲಿ ನಮ್ಮವಳು ಮೇಜಿನ ಮೇಲೆ ಅಂಗಾತ ಮಲಗಿದ್ದಳು, ಆಸ್ಪತ್ರೆಯ ರೋಗಿಯಂತೆ. ಮುಖದ ಬಟ್ಟೆ ತೆಗೆದಿದ್ದರು. ಮೇಣದಬತ್ತಿಯ ಹೊಗೆ ಹೋಗಿ ಕೆನ್ನೆ ಕೆಂಪಾಗಿತ್ತು. ಅತ್ತೆ, ಅವಳು ಎಷ್ಟು ಚಿಕ್ಕವಳು ಗೊತ್ತೇ, ನೆಲ್ಲೊ ಸತ್ತಾಗ ನಾನಿದ್ದಷ್ಟು ವಯಸ್ಸೂ ಇಲ್ಲ. ಹೊದಿಕೆ ಇನ್ನೂ ಕಪ್ಪು, ಭುಜದ ಮೇಲಿನ ಆ ತುಣುಕು ಮಾತ್ರ ನೀಲಿ. "ಉಳಿದದ್ದಕ್ಕೂ ನೀಲಿ ಬಳಿದು ಕೊಡ್ತೀಯಾ?" ಎಂದು ಪಾಲ್ಮೀರಾ ಕೇಳಿದಳು. ಲವೀನಿಯಾ ಇಲ್ಲವೆಂದು ತಲೆಯಾಡಿಸಿದಳು. ಹೋದದ್ದನ್ನು ನಾವು ಬರೆಯುವುದಿಲ್ಲ, ಇರುವುದನ್ನು ಉಳಿಸುತ್ತೇವೆ ಅಷ್ಟೆ ಎಂದಳು. "ಹಾಗಾದ್ರೆ ಕಪ್ಪನ್ನಾದ್ರೂ ತೆಗಿ, ಒಂದು ಕಡೆ ಆಗಲಿ" ಎಂದಳು ಪಾಲ್ಮೀರಾ. ಅದನ್ನೂ ತೆಗೆಯುವಂತಿಲ್ಲ, ಕಪ್ಪೂ ಅದೇ ಚಿತ್ರಗಾರ ಬಳಿದದ್ದು ಎಂದಳು ಲವೀನಿಯಾ. ನಮಗೆ ಅರ್ಥವಾಗಲಿಲ್ಲ. ಆಗ ಅವಳು ನಮ್ಮನ್ನು ಮೇಜಿನ ಸುತ್ತ ನಿಲ್ಲಿಸಿಕೊಂಡು ಹೇಳಿದಳು. ಹಸಿ ಸುಣ್ಣದ ಗಾರೆಯ ಮೇಲೆ ಬರೆದ ಬಣ್ಣ ಗೋಡೆಯ ಜೊತೆ ಕಲ್ಲಾಗಿ ಉಳಿಯುತ್ತದೆ, ಆದರೆ ಆ ನೀಲಿ ಹಸಿ ಸುಣ್ಣದಲ್ಲಿ ನಿಲ್ಲುವುದಿಲ್ಲ, ಕೆಡುತ್ತದೆ. ಅದಕ್ಕೆ ಚಿತ್ರಗಾರ ಮೊದಲು ಹಸಿ ಗಾರೆಯ ಮೇಲೆ ಕಪ್ಪು ಬಳಿದು, ಗೋಡೆ ಒಣಗುವವರೆಗೆ ಕಾದು, ಆಮೇಲೆ ಅದರ ಮೇಲೆ ನೀಲಿ ಅಂಟಿಸಿದ, ಅಂಟಿಸಿದ್ದು ಕಾಲಕ್ಕೆ ಉದುರುತ್ತದೆ. ಕಪ್ಪು ಸೂತಕಕ್ಕೆ ಬಳಿದದ್ದಲ್ಲ. ಕೆಳಗೆ ಕಪ್ಪಿದ್ದರೆ ಮೇಲಿನ ನೀಲಿಗೆ ಆಳ ಬರುತ್ತದೆ, ಬಿಳಿ ಗೋಡೆಯ ಮೇಲೆ ಬಳಿದ ನೀಲಿ ತೆಳ್ಳಗೆ ಕಾಣುತ್ತದೆ.

ಮರಳಿ ಬರುವಾಗ ಬಸ್ಸಿನಲ್ಲಿ ಸೆತ್ತೀಮಿಯೊ ನನ್ನ ಪಕ್ಕದ ಸೀಟಿಗೆ ಬಂದ. ನಾನೇ ಹೇಳಿಬಿಡುತ್ತೇನೆ, ಬೇರೆಯವರ ಬಾಯಿಂದ ನೀವು ಕೇಳುವುದು ಬೇಡ. ಅವನು ಟೋಪಿ ತಿರುಗಿಸುತ್ತಾ, "ಇಸೋಲೀನಾ, ಗೋಡೆ ಒಣಗೋಕೆ ಕಾಯೋದು ನನಗೆ ಅಭ್ಯಾಸ, ಆದ್ರೆ ಎಷ್ಟು ವರ್ಷ ಅಂತ ಯಾರಾದ್ರೂ ಹೇಳಿದ್ರೆ ಒಳ್ಳೇದು" ಎಂದ. "ಅವಳು ತೆಗೆದ ದಿನ" ಎಂದೆ. "ಅವಳು ಏನು ಮಾಡಿದ್ದಾಳೆ ಅಂತ ಯಾರಿಗೆ ಗೊತ್ತಾಯ್ತು?" ಎಂದ. ಹಿಂದಿನ ಸೀಟಿನಲ್ಲಿ ಪಾಲ್ಮೀರಾ ಗೊರಕೆ ಹೊಡೆಯುವವಳಂತೆ ಸದ್ದು ಮಾಡುತ್ತಿದ್ದಳು. ಎಚ್ಚರವಾಗಿದ್ದಾಳೆಂದು ಅದರಿಂದಲೇ ಗೊತ್ತಾಯಿತು.

ಹೋದ ಭಾನುವಾರ ಮಾತೆ ಮನೆಗೆ ಬಂದಳು. ಗೋಡೆಯಿಂದ ಒಂದು ಗೇಣು ಬಿಟ್ಟು, ಗಾಳಿಯಾಡುವಂತೆ ಅವಳನ್ನು ನಿಲ್ಲಿಸಿದರು. ಸಂಜೆ ಊರೆಲ್ಲ ಗುಡಿಯಲ್ಲಿ ಸೇರಿತ್ತು, ಲವೀನಿಯಾ ಮೇಜಿನ ಬಳಿ ಹೇಳಿದ್ದನ್ನೇ ಎಲ್ಲರಿಗೂ ಮತ್ತೊಮ್ಮೆ ಹೇಳಿದಳು. ಹೇಳಿ ಮುಗಿದ ಮೇಲೆ ಜಗಳ ಶುರುವಾಯಿತು. ಅವಳು ಕಪ್ಪು ಉಡಲೇ ಇಲ್ಲ, ಆದ್ದರಿಂದ ನಾವೂ ಉಡಬೇಕಿಲ್ಲ ಎಂದು ಪಾಲ್ಮೀರಾ. ಇಲ್ಲ, ನೀಲಿ ಹೊದ್ದಿದ್ದಳು, ನಮಗಾಗಿ ಅದನ್ನು ಕಳಚಿ ಒಳಗಿನ ಕಪ್ಪು ತೋರಿಸಿದಳು, ಅಜ್ಜಿಯರ ಕಥೆ ಸುಳ್ಳಲ್ಲ ಎಂದು ತೆರ್ಸೀಲಿಯಾ. "ಹಾಗಾದ್ರೆ ತೆಗೆದದ್ದು ನೀಲಿನಾ? ನಾವು ಯಾವ ನೀಲಿ ತೆಗೀಬೇಕು?" ಎಂದು ಪಾಲ್ಮೀರಾ. ತೆರ್ಸೀಲಿಯಾ ಗಂಡನ ಜೊತೆ ಬಾಳಿದ್ದು ಒಂದೇ ವರ್ಷ, ಅತ್ತೆ, ಮೊದಲ ಯುದ್ಧದಲ್ಲಿ ಹೋದವನು. ಅವಳು ಲವೀನಿಯಾಳ ಮುಖ ನೋಡಿ, ಬಹಳ ಮೆತ್ತಗೆ, "ಮಗಳೇ, ನಾನು ಇಷ್ಟು ದಿನ ಉಟ್ಟಿದ್ದು ತಪ್ಪಾ ಹಾಗಾದ್ರೆ?" ಎಂದು ಕೇಳಿದಳು. ಲವೀನಿಯಾ ಅವಳ ಪಕ್ಕದಲ್ಲಿ ಬೆಂಚಿನ ಮೇಲೆ ಕೂತು, "ನನಗೆ ಬಣ್ಣದ ವಿಚಾರ ಗೊತ್ತು ಅಜ್ಜಿ, ಇದು ಗೊತ್ತಿಲ್ಲ" ಎಂದಳು. ಯಾರೂ ಏನೂ ತೀರ್ಮಾನ ಮಾಡದೆ ಮನೆಗೆ ಹೋದೆವು.

ನಾನು ಅಂದು ಊಟಕ್ಕೆ ಬ್ರೆಡ್ಡು ಕತ್ತರಿಸುತ್ತಿದ್ದೆ. ಎದೆಗೆ ಒತ್ತಿ ಹಿಡಿದು, ಚಾಕು ನನ್ನ ಕಡೆಗೆ ಎಳೆದುಕೊಂಡು ಕತ್ತರಿಸುತ್ತೇನೆ. ನಮ್ಮ ತೌರಿನಲ್ಲಿ ಯಾರೂ ಹಾಗೆ ಕತ್ತರಿಸುವುದಿಲ್ಲ, ಅದು ನೆಲ್ಲೊನ ರೀತಿ. ಅವನ ದನಿ ನನಗೆ ಮರೆತುಹೋಗಿದೆ, ನಿಮಗೆ ಹೇಳಲು ನಾಚಿಕೆ, ಆದರೆ ಕೈ ಮರೆತಿಲ್ಲ. ಲವೀನಿಯಾ ಹೇಳಿದ ಕೆಳಗಿನ ಬಣ್ಣ ನೆನಪಾಯಿತು. ಕೆಳಗಿನದನ್ನು ತೆಗೆಯದೆ ಮೇಲೆ ಇನ್ನೊಂದು ಹಚ್ಚಬಹುದೇ? ಹಾಗೆ ಯೋಚಿಸಬಹುದೋ, ಇಲ್ಲವೇ ಅದು ನನ್ನ ಅನುಕೂಲಕ್ಕೆ ನಾನು ಹೂಡಿಕೊಂಡದ್ದೋ ತಿಳಿಯದು. ನೀವು ಇಲ್ಲಿ ಇದ್ದಿದ್ದರೆ ನಿಮ್ಮ ಮುಖ ನೋಡಿ ತಿಳಿದುಕೊಳ್ಳುತ್ತಿದ್ದೆ.

ಮಾರನೆಯ ಬೆಳಿಗ್ಗೆ ಬಟ್ಟೆ ಒಗೆಯುವ ತೊಟ್ಟಿಗೆ ಹೋದರೆ ಅಲ್ಲಿ ತೆರ್ಸೀಲಿಯಾ ಎಲ್ಲರಿಗಿಂತ ಮೊದಲೇ ಬಂದು ನಿಂತಿದ್ದಳು. ತಲೆ ಬರಿದಾಗಿತ್ತು. ಅವಳ ಕೂದಲನ್ನು ನಾನು ಅದಕ್ಕೆ ಮುಂಚೆ ನೋಡಿಯೇ ಇರಲಿಲ್ಲ, ಹತ್ತಿಯಂತೆ ಬೆಳ್ಳಗೆ, ಮಗುವಿನ ಕೂದಲಂತೆ ನುಣ್ಣಗೆ. ಕಲ್ಲಿನ ಮೇಲೆ ಶಾಲು ಉಜ್ಜುತ್ತಿದ್ದಳು. ನಾವು ನೋಡುವುದನ್ನು ಕಂಡು, "ಏನು ನೋಡ್ತೀರಿ? ಗುಡೀಲಿ ನಿನ್ನೆ ಸುಣ್ಣದ ಧೂಳು ಬಿದ್ದಿತ್ತು, ಒಗೀತಾ ಇದ್ದೀನಿ. ಒಗೆಯೋಕೂ ದೊನ್ ಬರ್ನಾಬಾರನ್ನ ಕೇಳಬೇಕಾ?" ಎಂದಳು. ಪಾಲ್ಮೀರಾ ತನ್ನ ಶಾಲನ್ನು ಬಿಚ್ಚಿ ಮೂಸಿ ನೋಡಿ, "ನನ್ನದಕ್ಕೂ ಬಿದ್ದಿದೆ" ಎಂದಳು. ಮಧ್ಯಾಹ್ನದ ಹೊತ್ತಿಗೆ ಊರಿನ ಎಲ್ಲ ಹಗ್ಗಗಳ ಮೇಲೂ ಕಪ್ಪು ಶಾಲುಗಳು ಹಾರಾಡುತ್ತಿದ್ದವು. ಬೆಟ್ಟದ ಕಡೆಯಿಂದ ಒಳ್ಳೆಯ ಗಾಳಿ ಬೀಸುತ್ತಿದೆ, ಹಾಸಿಗೆ ಬಟ್ಟೆಗಳಾದರೆ ಊಟದ ಹೊತ್ತಿಗೆ ಒಣಗುತ್ತವೆ. ಈ ಶಾಲುಗಳು ಮಾತ್ರ ಇವತ್ತು ಗುರುವಾರವಾದರೂ ಒಣಗಿಲ್ಲವಂತೆ. ಕೇಳಿದರೆ ಎಲ್ಲರೂ, "ಉಣ್ಣೆ ಅಲ್ವಾ, ಇನ್ನೂ ಹಸಿ ಇದೆ" ಎನ್ನುತ್ತಾರೆ. ಅಲ್ಲಿಯವರೆಗೆ ಬರಿತಲೆಯಲ್ಲಿ ಓಡಾಡುತ್ತಿದ್ದಾರೆ. ಯಾರೂ ಏನನ್ನೂ ತೆಗೆದಿಲ್ಲ, ಒಗೆದಿದ್ದಾರೆ ಅಷ್ಟೆ.

ಒರೆಸ್ತೆಗೆ, ಅವನ ಹೆಂಡತಿಗೆ ನಾನು ಕೇಳಿದೆನೆಂದು ಹೇಳಿ. ನೋರ್ಮಾಳ ಹಣೆಗೆ ನನ್ನ ಪರವಾಗಿ ಒಂದು ಮುತ್ತು ಕೊಡಿ. ತೆರ್ಸೀಲಿಯಾ ನಿಮ್ಮನ್ನು ಕೇಳಿದಳು, ನಿಮ್ಮ ಮೊಣಕಾಲಿಗೆ ಹಂದಿಯ ಕೊಬ್ಬು ಉಜ್ಜಬೇಕಂತೆ. ಮಾತೆ ನಿಮ್ಮನ್ನು ಆ ಮಸಿಯ ನಾಡಿನಲ್ಲೂ ಕಾಯಲಿ, ಅವಳ ಹೊದಿಕೆ ಯಾವ ಬಣ್ಣದ್ದೇ ಇರಲಿ.

ನಿಮ್ಮ ಪ್ರೀತಿಯ ಸೊಸೆ,
ಇಸೋಲೀನಾ

ಮರೆತಿದ್ದೆ: ನನ್ನ ಶಾಲನ್ನೂ ಒಗೆದು ಅಂಜೂರದ ಗಿಡದಿಂದ ಬಾಗಿಲ ಚಿಲಕದವರೆಗೆ ಕಟ್ಟಿದ ಹಗ್ಗದ ಮೇಲೆ ಹಾಕಿದ್ದೇನೆ. ನಿಮ್ಮ ಗಂಟು ಬಿಚ್ಚಲು ತುಂಬ ಹೊತ್ತು ಹಿಡಿಯಿತು. ಬೇರೆಯವರ ಹಾಗೆ ನಿಮಗೆ ಸುಳ್ಳು ಹೇಳಲಾರೆ, ಅದು ಸೋಮವಾರ ಸಂಜೆಯೇ ಒಣಗಿತು. ದಿನವೂ ಮುಟ್ಟಿ ನೋಡಿ ಅಲ್ಲೇ ಬಿಡುತ್ತಿದ್ದೇನೆ. ಸೆತ್ತೀಮಿಯೊ ಕೆಲಸಕ್ಕೆ ಹೋಗುವಾಗ ಅದರ ಕೆಳಗೆ ಬಗ್ಗಿ ಹೋಗುತ್ತಾನೆ, ಏನೂ ಕೇಳುವುದಿಲ್ಲ. ನನಗೆ ಅವನು ಇಷ್ಟ, ಅತ್ತೆ. ಕಟ್ಟಿದ ಕೈ ನಿಮ್ಮದು, ಆದ್ದರಿಂದ ಒಳಗೆ ತಂದು ಮತ್ತೆ ತಲೆಗೆ ಕಟ್ಟಿಕೊಳ್ಳಲೋ, ಮಡಿಸಿ ಪೆಟ್ಟಿಗೆಯಲ್ಲಿಡಲೋ, ನೀವೇ ಹೇಳಬೇಕು. ಉತ್ತರ ಬರುವವರೆಗೆ ಅದು ಹಗ್ಗದ ಮೇಲೇ ಇರುತ್ತದೆ. ನೀವೂ ಅಲ್ಲಿ ನಿಮ್ಮ ಕಪ್ಪು ಶಾಲನ್ನು ಒಮ್ಮೆ ಒಗೆದುಕೊಳ್ಳಿ. ಮಸಿ ಕೂತಿರುತ್ತದೆ.